ಪಕ್ಕದ ಮನೆಯ ಮುಖ

ಟಿವಿಯ ಅಪರಾಧ ಕಾರ್ಯಕ್ರಮಗಳೆಂದರೆ ನನಗೆ ಅಷ್ಟಕ್ಕಷ್ಟೇ. ಆದರೆ ‘ಅಮೆರಿಕಾಸ್ ಮೋಸ್ಟ್ ವಾಂಟೆಡ್’ನ ಕಥೆ ತಿಳಿದ ಮೇಲೆ ಅದನ್ನು ಸುಲಭವಾಗಿ ತಳ್ಳಿಹಾಕಲು ಮನಸ್ಸಾಗಲಿಲ್ಲ.

1981ರ ಜುಲೈ. ಫ್ಲಾರಿಡಾದ ಹಾಲಿವುಡ್ ಎಂಬ ಊರಿನ ದೊಡ್ಡ ಅಂಗಡಿಯೊಂದರಿಂದ ಆರು ವರ್ಷದ ಆಡಂ ವಾಲ್ಶ್ ಕಾಣೆಯಾದ. ಕೆಲವೇ ದಿನಗಳಲ್ಲಿ ಅವನ ಕೊಲೆಯಾಗಿರುವುದು ಗೊತ್ತಾಯಿತು. 1988ರ ಫೆಬ್ರವರಿ 7ರಂದು ಫಾಕ್ಸ್ ವಾಹಿನಿಯಲ್ಲಿ ಈ ಕಾರ್ಯಕ್ರಮ ಶುರುವಾದಾಗ ಅದನ್ನು ನಡೆಸಿಕೊಡಲು ನಿಂತವರು ಆ ಹುಡುಗನ ತಂದೆ ಜಾನ್ ವಾಲ್ಶ್. ಮೊದಲ ಕಂತಿನಲ್ಲಿ ತೋರಿಸಿದ ಡೇವಿಡ್ ಜೇಮ್ಸ್ ರಾಬರ್ಟ್ಸ್ ನಾಲ್ಕೇ ದಿನಗಳಲ್ಲಿ ಸಿಕ್ಕಿಬಿದ್ದ.

ನನ್ನನ್ನು ಹೆಚ್ಚು ಕಾಡಿದ್ದು ಜಾನ್ ಲಿಸ್ಟ್ ಪ್ರಕರಣ. 1971ರಲ್ಲಿ ನ್ಯೂಜೆರ್ಸಿಯ ಮನೆಯಲ್ಲಿ ತಾಯಿ, ಹೆಂಡತಿ, ಮೂವರು ಮಕ್ಕಳನ್ನು ಕೊಂದು ಆತ ಮಾಯವಾಗಿದ್ದ. ವಯಸ್ಸಾದ ಮೇಲೆ ಅವನು ಹೇಗೆ ಕಾಣಬಹುದೆಂದು ಊಹಿಸಿ ಶಿಲ್ಪಿ ಫ್ರಾಂಕ್ ಬೆಂಡರ್ ಒಂದು ಮುಖ ಮಾಡಿ, ಅದಕ್ಕೊಂದು ಕನ್ನಡಕ ಹಾಕಿದರು. 1989ರಲ್ಲಿ ಅದು ಟಿವಿಯಲ್ಲಿ ಬಂದದ್ದೇ ತಡ, ಹಿಂದೊಮ್ಮೆ ನೆರೆಯಲ್ಲಿದ್ದವರಿಗೆ ಗುರುತು ಸಿಕ್ಕಿತು. 11 ದಿನಕ್ಕೆ ಬಂಧನ. ಅಷ್ಟರಲ್ಲಿ ಆತ ಬೇರೆ ಹೆಸರಿಟ್ಟುಕೊಂಡು, ಮತ್ತೆ ಮದುವೆಯಾಗಿ, ಲೆಕ್ಕ ಬರೆಯುವ ಕೆಲಸ ಮಾಡಿಕೊಂಡಿದ್ದ.

ಇಲ್ಲಿ ನನಗೆ ಎರಡು ಮನಸ್ಸು. ಬಾಡಿಗೆ ಮನೆಗಳಲ್ಲೇ ಬೆಳೆದವಳು ನಾನು. ಹೊಸ ಬೀದಿಗೆ ಸಾಮಾನು ಇಳಿಸುವಾಗ ಕಿಟಕಿಯ ಸಂದಿನಿಂದ ‘ಇವರು ಯಾವ ಕಡೆಯವರೋ’ ಎಂದು ಅಳೆಯುವ ಕಣ್ಣುಗಳು ನನಗೆ ಗೊತ್ತು. ಲಿಸ್ಟ್‌ನನ್ನು ಹಿಡಿದುಕೊಟ್ಟದ್ದೂ ನೆರೆಯ ಕಣ್ಣೇ. ವ್ಯತ್ಯಾಸ ಎಲ್ಲಿದೆ? ಬಹುಶಃ ಆ ಕಾರ್ಯಕ್ರಮ ನೋಡುವವರ ಕೈಗೆ ಕೊಟ್ಟದ್ದು ಕಲ್ಲನ್ನಲ್ಲ, ಒಂದು ಫೋನ್ ನಂಬರನ್ನು ಎಂಬುದರಲ್ಲಿ. ಅನುಮಾನವನ್ನು ಪೊಲೀಸರಿಗೆ ಒಪ್ಪಿಸಿದರೆ ನೋಡುಗರ ಕೆಲಸ ಮುಗಿಯಿತು. ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಬೇರೆ. ಗಾಳಿಮಾತಿಗೇ ಬೀದಿಯಲ್ಲಿ ಜನರನ್ನು ಹೊಡೆದು ಕೊಲ್ಲುವ ಸುದ್ದಿ ಓದುವ ನಮಗೆ ಇದು ಸಣ್ಣ ಅಂತರವಲ್ಲ.

1996ರಲ್ಲಿ ಫಾಕ್ಸ್ ಇದನ್ನು ನಿಲ್ಲಿಸಹೊರಟಾಗ ಪೊಲೀಸರು, ರಾಜ್ಯಪಾಲರೇ ವಿರೋಧಿಸಿದರು, ಕಾರ್ಯಕ್ರಮ ಉಳಿಯಿತು. 2008ರಲ್ಲಿ ಸಿಕ್ಕಿಬಿದ್ದವರ ಲೆಕ್ಕ ಸಾವಿರ ಮುಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪೊಲೀಸರು ಆಡಂನನ್ನು ಕೊಂದವನು ಆಟಿಸ್ ಟೂಲ್ ಎಂದು ಘೋಷಿಸಿ ಕಡತ ಮುಚ್ಚಿದರು. ಟೂಲ್ 1996ರಲ್ಲೇ ಜೈಲಿನಲ್ಲಿ ಸತ್ತಿದ್ದ. ಊರವರ ಸಾವಿರ ಜನರನ್ನು ಹುಡುಕಿಕೊಟ್ಟ ತಂದೆಗೆ ತನ್ನ ಮಗನ ಪಾಲಿನ ವಿಚಾರಣೆಯನ್ನು ಕಾಣಲು ಆಗಲೇ ಇಲ್ಲ.

2024ರಲ್ಲಿ ವಾಲ್ಶ್ ಮತ್ತೆ ಅದೇ ಕಾರ್ಯಕ್ರಮಕ್ಕೆ ಮರಳಿದರು. ಈ ಸಲ ಪಕ್ಕದಲ್ಲಿ ಆಡಂ ಹೋದ ಮೇಲೆ ಹುಟ್ಟಿದ ಮಗ ಕ್ಯಾಲಹನ್ ನಿಂತಿದ್ದ.