ನಾಪೋಕ್ಲು ಮೈದಾನದಲ್ಲಿ ನಾನು ಚಾರ್ಜ್ ಮಾಡದ ಬ್ಯಾಟರಿ

ಮಡಿಕೇರಿಯಿಂದ ಮೂರ್ನಾಡು ದಾಟಿ ನಾಪೋಕ್ಲಿಗೆ ಹೋಗುವ ದಾರಿ. 2024ರ ಏಪ್ರಿಲ್. ಕೊಡಗು ಅಂದ್ರೆ ತಂಪು ಅಂತ ಹೇಳಿದವರು ಯಾರೋ, ಕಾರಿನಲ್ಲಿ ನಾವು ಬೇಯುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಎರಡು ಕ್ಯಾಮೆರಾ, ಟ್ರೈಪಾಡ್, ಕೇಬಲ್ ಸುರುಳಿ, ನಾಲ್ಕು ಕಂಪನಿಯ ಸಿಮ್ ಹಾಕಿದ ಒಂದು ಡಬ್ಬಿ. ಗೆಳೆಯ ಊರಿನ ಚಾನೆಲ್‌ಗಳಿಗೆ ಲೈವ್ ಮಾಡಿಕೊಡುತ್ತಾನೆ. "ಎರಡು ದಿನ ರಜೆ ಹಾಕಿ ಬಾ, ಕೇಬಲ್ ಹಿಡಿಯೋಕೆ ಒಬ್ಬ ಬೇಕು" ಅಂದಿದ್ದ. ಬೆಂಗಳೂರಲ್ಲಿ ಸ್ಕ್ರೀನ್ ನೋಡಿ ನೋಡಿ ಸಾಕಾಗಿದ್ದ ನಾನು ಇನ್ನೊಂದು ಸ್ಕ್ರೀನ್ ನೋಡೋಕೆ ಹೊರಟಿದ್ದೆ.

ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಮುತುವರ್ಜಿಯಿಂದ ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರುವಾಯಿತು. ಪ್ರತಿ ಸಲ ಒಂದು ಮನೆತನದ ಆತಿಥ್ಯ. ಈ ಸಲ ಕುಂಡ್ಯೋಳಂಡ ಕುಟುಂಬದ್ದು. ಹೆಸರು ಕೊಟ್ಟ ತಂಡಗಳು 360. ತಂಡದಲ್ಲಿ ಎಲ್ಲರದ್ದೂ ಒಂದೇ ಮನೆ ಹೆಸರು. ಅಜ್ಜನ ಪಕ್ಕದಲ್ಲಿ ಮೊಮ್ಮಗ, ಅಣ್ಣನ ಪಕ್ಕದಲ್ಲಿ ತಂಗಿ ಸ್ಟಿಕ್ ಹಿಡಿದಿರುತ್ತಾರೆ.

ನಾಕೌಟ್ ಪಂದ್ಯಾವಳಿ. ಸೋತರೆ ಮುಗೀತು, ಮತ್ತೆ ಆಡೋದು ಮುಂದಿನ ಹಬ್ಬದಲ್ಲಿ. ಬಹುತೇಕ ಮನೆತನಗಳಿಗೆ ವರ್ಷದ ಹಾಕಿ ಅಂದ್ರೆ ಒಂದೋ ಎರಡೋ ಮ್ಯಾಚು. ಇದು ನನಗೆ ಅರ್ಥವಾಗಿದ್ದು ಸ್ವಲ್ಪ ತಡವಾಗಿ.

ಕ್ಯಾಮೆರಾ ಕಟ್ಟೋದು ಅಂದ್ರೆ ಕಂಬ ನೆಡೋದಲ್ಲ. ಹಾಕಿ ಮೈದಾನದ ಉದ್ದ 91.4 ಮೀಟರ್. ನೆಲದ ಮಟ್ಟದಲ್ಲಿ ನಿಂತರೆ ಆಚೆ ಬದಿಯಲ್ಲಿ ಚೆಂಡು ಕಾಲುಗಳ ನಡುವೆ ಮಾಯ. ಹಾಗಾಗಿ ಮಧ್ಯಗೆರೆಯ ನೇರಕ್ಕೆ ಕಬ್ಬಿಣದ ಪೈಪಿನ ಅಟ್ಟಣಿಗೆ ಕಟ್ಟಿ ಮೇಲಿಟ್ಟೆವು, ಅದೂ ಪಶ್ಚಿಮಕ್ಕೆ. ಇಲ್ಲದಿದ್ದರೆ ಸಂಜೆ ಸೂರ್ಯ ನೇರ ಲೆನ್ಸಿಗೇ ಹೊಡೀತಾನೆ. ಯಾರಾದರೂ ಪೈಪಿಗೆ ಒರಗಿದರೂ ಚಿತ್ರ ಅಲುಗುತ್ತದೆ, ಬುಡಕ್ಕೆ ಮರಳು ಚೀಲ. ಇನ್ನು ನೆಟ್‌ವರ್ಕ್. ಬೆಳಿಗ್ಗೆ ಖಾಲಿ ಮೈದಾನದಲ್ಲಿ ಎಲ್ಲ ಸಿಮ್ಮೂ ಫುಲ್. ಜನ ಸೇರಿ ಎಲ್ಲರೂ ಫೋನ್ ತೆಗೆದ ಮೇಲೆ ಅದೇ ಟವರ್ ಉಸಿರು ಬಿಡೋದಿಲ್ಲ. ಡಬ್ಬಿಯಲ್ಲಿ ನಾಲ್ಕು ಸಿಮ್ ಇರೋದು ಅದಕ್ಕೇ.

ಮೈದಾನಕ್ಕೆ ಹತ್ತಿರದ ಒಂದು ಮನೆಗೆ ನೀರು ಕೇಳೋಕೆ ಹೋದೆ. ಮಂಡಿ ನೋವಿನ ಅಜ್ಜಿ ಟಿವಿಯಲ್ಲಿ ನಮ್ಮ ಲೈವ್ ಹಾಕಿಕೊಂಡಿದ್ದರು. ಹೊರಗಿಂದ ಕೂಗು ಕೇಳಿಸಿತು. ಅರ್ಧ ನಿಮಿಷ ಬಿಟ್ಟು ಟಿವಿಯಲ್ಲಿ ಗೋಲು. "ಕಿವಿಗೆ ಮೊದಲು, ಕಣ್ಣಿಗೆ ಆಮೇಲೆ" ಅಂತ ನಕ್ಕರು.

ಎರಡನೇ ದಿನ ಮಧ್ಯಾಹ್ನ ಜನರೇಟರ್‌ಗೆ ಡೀಸೆಲ್ ಹಾಕಬೇಕಿತ್ತು. ಆ ಐದು ನಿಮಿಷ ಕ್ಯಾಮೆರಾ ಬ್ಯಾಟರಿಯಲ್ಲಿ ಓಡಬೇಕು. ಬ್ಯಾಟರಿ ಚಾರ್ಜ್ ಮಾಡೋದು ನನ್ನ ಕೆಲಸ. ಹಿಂದಿನ ರಾತ್ರಿ ರೂಮಲ್ಲಿದ್ದ ಒಂದೇ ಪ್ಲಗ್‌ಗೆ ನನ್ನ ಫೋನ್ ಹಾಕಿ ಮಲಗಿದ್ದೆ.

ಲೈವ್ ಕಪ್ಪಾಯಿತು. ಆ ಐದು ನಿಮಿಷದಲ್ಲೇ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಗೋಲು ಹೊಡೆದಳು. ಅವರ ಮನೆತನ ಹೊಡೆದದ್ದು ಅದೊಂದೇ ಗೋಲು. ಕೊನೆಗೆ 1-3ರಲ್ಲಿ ಸೋತರು. ಆಟ ಮುಗಿದ ಮೇಲೆ ಅವಳ ಚಿಕ್ಕಪ್ಪ ಅಟ್ಟಣಿಗೆ ಕೆಳಗೆ ಬಂದರು. ಜಗಳಕ್ಕೆ ಅಂದ್ಕೊಂಡೆ. "ಅವಳ ಅಪ್ಪ ಮಸ್ಕತ್‌ನಲ್ಲಿ ಡ್ಯೂಟಿ ಬದಲಾಯಿಸಿ ನೋಡ್ತಾ ಇದ್ದ. ರೆಕಾರ್ಡಿಂಗ್ ಇದ್ರೆ ಕಳಿಸ್ತೀರಾ?" ಇಷ್ಟೇ ಕೇಳಿದ್ದು. ಇಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ. ಗೆಳೆಯ ನನ್ನ ಮುಖ ನೋಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಗೋಲ್ ಪೋಸ್ಟ್ ಹಿಂದೆ ಕೂತಿದ್ದವರನ್ನೆಲ್ಲ ಕೇಳಿಕೊಂಡು ಹೋದೆ. ಐಸ್‌ಕ್ರೀಮ್ ತಿನ್ನುತ್ತಿದ್ದ ಒಬ್ಬ ಹುಡುಗನ ಫೋನಿನಲ್ಲಿ ಸಿಕ್ಕಿತು: ಉದ್ದುದ್ದ ಹಿಡಿದ ಹನ್ನೊಂದು ಸೆಕೆಂಡಿನ ವಿಡಿಯೋ, ಅರ್ಧ ಧೂಳು, ಚೆಂಡು ಕಾಣೋದೇ ಇಲ್ಲ. ಅವಳು ಸ್ಟಿಕ್ ಎತ್ತಿಕೊಂಡು ಓಡೋದು ಮಾತ್ರ ಕಾಣುತ್ತೆ. ಚಿಕ್ಕಪ್ಪನಿಗೆ ಕಳಿಸಿದೆ.

ರಾತ್ರಿ ಮಸ್ಕತ್‌ನಿಂದ ನನಗೇ ಮೆಸೇಜ್ ಬಂತು. ಥ್ಯಾಂಕ್ಸ್ ಹೇಳಿ, ಕೆಳಗೆ ಇನ್ನೊಂದು ಸಾಲು: "ಲೈನ್ ಹತ್ತಿರ ಕೊಡೆ ಹಿಡಿದು ನಿಂತಿರೋದು ನಮ್ಮ ಅಮ್ಮ. ಅವರು ಕಾಣೋ ಬೇರೆ ವಿಡಿಯೋ ಇದೆಯಾ ಸಾರ್?"

ನಮ್ಮ ರೆಕಾರ್ಡಿಂಗ್ ತೆಗೆದು ಹುಡುಕಿದೆವು. ಕ್ಯಾಮೆರಾ ಪೂರ್ತಿ ಚೆಂಡಿನ ಹಿಂದೆಯೇ ಓಡಿತ್ತು. ಒಂದು ಕಡೆ ಕೊಡೆಯ ತುದಿ ಮಾತ್ರ ಇತ್ತು. ಅದನ್ನೇ ಕತ್ತರಿಸಿ ಕಳಿಸಿದೆವು. ಮರುದಿನದಿಂದ ಎರಡು ಮ್ಯಾಚ್ ನಡುವೆ ಗೆಳೆಯ ಎರಡನೇ ಕ್ಯಾಮೆರಾನ ಗ್ಯಾಲರಿ ಕಡೆ ತಿರುಗಿಸಿ, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಒಂದು ಸುತ್ತು ತೋರಿಸೋಕೆ ಶುರು ಮಾಡಿದ. ನಾನು ಫೋನ್ ಆಫ್ ಮಾಡಿಟ್ಟು ಬ್ಯಾಟರಿ ಚಾರ್ಜಿಗೆ ಹಾಕಿದೆ.