ಬೀಗ ಹಾಕಿಟ್ಟ ಪುಸ್ತಕ

ನಿಮ್ಮ ಮನೆಯ ಮಗು ಗೋರಿಯಿಂದ ಹೆಣವೊಂದು ಎದ್ದು ಬರುವ ಚಿತ್ರವನ್ನು ಕಣ್ಣರಳಿಸಿ ನೋಡುತ್ತಿದ್ದರೆ ನೀವೇನು ಮಾಡುವಿರಿ? ನಾನಂತೂ ಹದಿಮೂರರ ಮೊಮ್ಮಗನ ಕೈಯಿಂದ ಆ ಪುಸ್ತಕವನ್ನು ಕಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವನ ತಂದೆ, ಎಂದರೆ ನನ್ನ ಮಗ, ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಸಾವನ್ನು ಕಂಡ ಮನೆಯಲ್ಲಿ ಇಂಥ ಓದು ಏಕೆಂಬುದು ನನ್ನ ಆತಂಕವಾಗಿತ್ತು.

ಅದು ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ ಎಂಬ ಹಳೆಯ ಅಮೆರಿಕನ್ ಕಾಮಿಕ್ಸಿನ ಮರುಮುದ್ರಣ. ಅದನ್ನು ಹೊರತಂದ ಇ.ಸಿ. ಸಂಸ್ಥೆಯ ಚರಿತ್ರೆ ತಿಳಿದಾಗ ನಾನು ಬೆರಗಾದೆ. ಸ್ಥಾಪಕ ಮ್ಯಾಕ್ಸ್ ಗೇನ್ಸ್ 1940ರ ದಶಕದಲ್ಲಿ ಬೈಬಲಿನ ಕಥೆಗಳನ್ನು ಚಿತ್ರರೂಪದಲ್ಲಿ ಮಕ್ಕಳಿಗೆ ನೀಡಿದವರು. 1947ರಲ್ಲಿ ಅವರು ದೋಣಿ ಅಪಘಾತದಲ್ಲಿ ಮಡಿದರು. ಸಂಸ್ಥೆ ಮಗ ವಿಲಿಯಂ ಕೈಸೇರಿತು. 1950ರಲ್ಲಿ ವಿಲಿಯಂ, ಸಂಪಾದಕ ಆಲ್ ಫೆಲ್ಡ್‌ಸ್ಟೀನ್ ಜೊತೆಗೂಡಿ ಭಯಾನಕ ಕಥೆಗಳತ್ತ ಹೊರಳಿದರು.

ಹಿರಿಯರು ಗಾಬರಿಗೊಂಡರು. ಇಂಥ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತವೆಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಗ್ರಂಥವನ್ನೇ ಬರೆದರು. ಅದೇ ವರ್ಷ ಸೆನೆಟ್ ಉಪಸಮಿತಿಯು ವಿಲಿಯಂ ಅವರನ್ನು ವಿಚಾರಿಸಿತು. ಬಳಿಕ ಪ್ರಕಾಶಕರೇ ರೂಪಿಸಿಕೊಂಡ ನಿಯಮಾವಳಿಯು ರಕ್ತಪಿಶಾಚಿಗಳನ್ನೂ ನಡೆದಾಡುವ ಹೆಣಗಳನ್ನೂ ನಿಷೇಧಿಸಿತು. 1955ರ ಹೊತ್ತಿಗೆ ಆ ಪತ್ರಿಕೆಗಳು ನಿಂತೇಹೋದವು. ಆದರೆ ಓದುಗರು ಅವುಗಳನ್ನು ಮರೆಯಲಿಲ್ಲ. 1989ರಲ್ಲಿ ಅವು ದೂರದರ್ಶನ ಸರಣಿಯಾಗಿ ಮರಳಿದವು. ಆ ನಿಯಮಾವಳಿಯನ್ನೋ 2011ರಲ್ಲಿ ಕೊನೆಯ ಪ್ರಕಾಶಕರೂ ಕೈಬಿಟ್ಟರು.

ಹೀಗೆ ಉಳಿದುಬರುವ ಶಕ್ತಿ ಅವಕ್ಕೆಲ್ಲಿಂದ ಬಂತು? ಒಂದು ರಾತ್ರಿ ಬೀರು ತೆರೆದು ನಾನೇ ಓದಿದೆ. ಆಸ್ತಿಗಾಗಿ ಒಬ್ಬ ಕೊಲ್ಲುತ್ತಾನೆ, ಯಾರೂ ಕಾಣಲಿಲ್ಲವೆಂದು ಬೀಗುತ್ತಾನೆ; ಸತ್ತವನೇ ಎದ್ದು ಬಂದು ಲೆಕ್ಕ ಚುಕ್ತಾ ಮಾಡುತ್ತಾನೆ. ಕಥೆಗಳ ಅಚ್ಚು ಬಹುಮಟ್ಟಿಗೆ ಇದೇ. ಮುಚ್ಚಿಟ್ಟ ಪಾಪ ಬಯಲಾಗುತ್ತದೆ ಎಂಬ ನೀತಿ ಅಲ್ಲಿದೆ, ಕ್ಷಮೆ ಮಾತ್ರ ಇಲ್ಲ. ಇಷ್ಟನ್ನು ಮಗುವಿಗೆ ತಿಳಿಸಿದರೆ ಸಾಕೆಂದುಕೊಂಡೆ.

ಮರುದಿನ ಅವನನ್ನು ಕರೆದು, “ಇದರಲ್ಲಿ ನಿನಗೇನು ಇಷ್ಟ?” ಎಂದೆ. ತಲೆ ತಗ್ಗಿಸಿಯೇ ಉತ್ತರಿಸಿದ: “ತಾತ, ಇದರಲ್ಲಿ ಸತ್ತವರ ವಿಷಯದಲ್ಲಿ ಯಾರೂ ಸುಮ್ಮನಿರುವುದಿಲ್ಲ.”

ನನ್ನ ಸಿದ್ಧ ಉಪದೇಶ ಗಂಟಲಲ್ಲೇ ಉಳಿಯಿತು. ಹುಡುಗನಿಗೆ ನೋವಾದೀತೆಂದು ನಾವು ಮನೆಯಲ್ಲಿ ಅವನ ತಂದೆಯ ಹೆಸರೆತ್ತುವುದನ್ನೇ ಬಿಟ್ಟಿದ್ದೆವು. ಗೋಡೆಯ ಭಾವಚಿತ್ರವನ್ನೂ ಒಳಗಿಟ್ಟಿದ್ದೆವು.

ಪುಸ್ತಕವನ್ನು ಅವನಿಗೆ ಹಿಂದಿರುಗಿಸಿದೆ. ಭಾವಚಿತ್ರ ಗೋಡೆಗೆ ಮರಳಿತು. ಆ ನವೆಂಬರ್ 2ರಂದು, ಸಮಸ್ತ ಮೃತರ ಸ್ಮರಣೆಯ ಸಂಜೆ, ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚಿ, ಅವನಪ್ಪ ಬಾಲ್ಯದಲ್ಲಿ ಇರುಳಿಗೆ ಎಷ್ಟು ಅಂಜುತ್ತಿದ್ದನೆಂದು ಹೇಳಿದೆ. ಹುಡುಗ ನಕ್ಕ, ಆಮೇಲೆ ಅತ್ತ.

ಓದುಗರೇ, ಮಕ್ಕಳ ಕೈಯಿಂದ ಪುಸ್ತಕ ಕಸಿಯುವ ಮುನ್ನ, ಅದರಲ್ಲಿ ಅವರು ಹುಡುಕುತ್ತಿರುವುದೇನೆಂದು ಒಮ್ಮೆ ಕೇಳಿ ನೋಡಿ.