ಹೆಸರಿಗೆ ಕಾದ ಮೀನು

ನೀಲಗಿರಿಯ ಮಗ್ಗುಲಲ್ಲಿ ಆಳವಾದ ಕಣಿವೆ ಕೊರೆದು ಹರಿಯುವ ಮೋಯಾರ್ ನದಿ, ಭವಾನಿಯನ್ನು ಕೂಡಿ ಕಾವೇರಿಗೆ ಸಲ್ಲುತ್ತದೆ. ಕಿತ್ತಳೆ ಬಣ್ಣದ ಈಜುರೆಕ್ಕೆಯ, ಗೂನುಬೆನ್ನಿನ ಮಹಶೀರ್ ಮೀನಿಗೆ ಉಳಿದಿರುವ ಕೆಲವೇ ನೆಲೆಗಳಲ್ಲಿ ಇದೂ ಒಂದು. ಗೆಂಡೆಗಳ ಬಳಗದಲ್ಲಿ ರೋಹು, ಕಾಟ್ಲಗಳಿಗೆ 50 ವರ್ಣತಂತುಗಳಿದ್ದರೆ ಮಹಶೀರಿಗೆ 100. ಪೂರ್ವಜರಲ್ಲೆಂದೋ ವರ್ಣತಂತುಗಳ ಸಮೂಹವೇ ಇಮ್ಮಡಿಸಿದುದರ ಗುರುತು ಅದು. ಬ್ರಿಟಿಷರ ಕಾಲದಿಂದಲೂ ಗಾಳಗಾರರು ಕೊಂಡಾಡಿದ ಈ ಮೀನಿನ ಶಾಸ್ತ್ರೀಯ ನಾಮ ನಿಶ್ಚಿತವಾದದ್ದು ಮಾತ್ರ 2018ರಲ್ಲಿ. ಕೇರಳದ ಪಾಂಬಾರಿನಲ್ಲಿ ಗುರುತಿಸಿದ್ದ ಟಾರ್ ರೆಮಾದೇವಿಯೇ ಇದೆಂದು ವಂಶವಾಹಿಗಳು ಸಾಕ್ಷಿ ನುಡಿದವು. ಅಷ್ಟರಲ್ಲಿ ಕಾವೇರಿಯ ತುಂಬ ನೀಲಿ ರೆಕ್ಕೆಯ ಟಾರ್ ಖುದ್ರೀ ಹರಡಿತ್ತು. ಮಹಶೀರನ್ನು ಉಳಿಸಲೆಂದೇ ಲೋನಾವಳಾದ ಮರಿಗಳನ್ನು ತಂದು ಬಿಟ್ಟಿದ್ದರು! ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಿದ್ದುದರಿಂದ, ಒಂದು ಹೆಚ್ಚುತ್ತ ಇನ್ನೊಂದು ಕರಗುತ್ತಿದ್ದುದು ಬಹುಕಾಲ ಲೆಕ್ಕಕ್ಕೇ ಬರಲಿಲ್ಲ. ಹೆಸರು ದೊರೆತ ವರ್ಷವೇ ಗೂನುಬೆನ್ನಿನ ಮೀನು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸೇರಿತು.